ಐದು ನಿಮಿಷದ ಅಡುಗೆ ಕೇಳುವವರಿಗೆ

ಓದಲೆಂದು ಮನೆ ಬಿಟ್ಟು ಹೊರಟವರು, ಅವರ ತಂದೆ ತಾಯಂದಿರು, ಅವರ ಕೋಣೆಯ ಜೊತೆಗಾರರು, ಕೆಲವೊಮ್ಮೆ ಮುಖಪರಿಚಯವೂ ಇಲ್ಲದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ವಿದ್ಯಾರ್ಥಿಗಳು ತಾವೇ ಮಾಡಿಕೊಳ್ಳಬಹುದಾದ, ಬೇಗ ಆಗುವ, ಕಡಿಮೆ ಖರ್ಚಿನ ಅಡುಗೆ ಯಾವುದಾದರೂ ಇದ್ದರೆ ಹೇಳಿ.’ ಏಳು ವರ್ಷ ಬಾಡಿಗೆ ಕೋಣೆಗಳಲ್ಲಿ ಒಂದೇ ಒಲೆಯ ಮುಂದೆ ನಿಂತು ಬೇಯಿಸಿಕೊಂಡು ಓದು ಮುಗಿಸಿದವನೆಂಬ ಖ್ಯಾತಿ ನನಗಿರುವುದರಿಂದ ಪ್ರಶ್ನೆ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಮೊದಮೊದಲು ಹಿಗ್ಗಿನಿಂದ, ಅರ್ಧ ಗಂಟೆ ನಿಂತು ಉತ್ತರಿಸುತ್ತಿದ್ದೆ. ಈಗ ಬಾಯಿ ಸೋತಿದೆ. ಒಮ್ಮೆ ಬರೆದಿಟ್ಟರೆ ಮುಂದೆ ಕೇಳಿದವರಿಗೆಲ್ಲ ಇದನ್ನೇ ಕೊಟ್ಟು ನನ್ನ ಊಟ ನಾನು ಆರುವುದರೊಳಗೆ ಮಾಡಬಹುದು ಎಂಬ ಸ್ವಾರ್ಥವೊಂದೇ ಈ ಬರಹದ ಹಿಂದಿದೆ.

ಪ್ರಶ್ನೆಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಕೇಳುವ ಧಾಟಿಯ ಮೇಲಿದೆ. ‘ಐದೇ ನಿಮಿಷದಲ್ಲಿ ಆಗಿಬಿಡಬೇಕು’ ಎಂಬ ಬಾಲವನ್ನು ಅಂಟಿಸದೆ ಯಾರೂ ಅದನ್ನು ಕೇಳಿದ್ದೇ ಇಲ್ಲ. ಆ ಐದು ನಿಮಿಷ ಎಲ್ಲಿಂದ ಶುರುವಾಗುತ್ತದೆ ಎಂದು ತಿರುಗಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಒಲೆ ಹಚ್ಚಿದಾಗಿನಿಂದ ಆರಿಸುವವರೆಗೆ ಎಂಬುದು ಅವರ ಲೆಕ್ಕ. ಸಾಮಾನು ತಂದದ್ದು, ತೊಳೆದದ್ದು, ಹೆಚ್ಚಿದ್ದು, ಉಂಡ ಮೇಲೆ ಪಾತ್ರೆ ಉಜ್ಜಿದ್ದು ಎಲ್ಲವೂ ಬೇರೆ ಯಾರದೋ ಆಯುಷ್ಯದಲ್ಲಿ ನಡೆದುಹೋಗುತ್ತವೆ. ಅಡುಗೆಯ ವಿಡಿಯೊಗಳು ಈ ಲೆಕ್ಕವನ್ನು ಇನ್ನಷ್ಟು ಕೆಡಿಸಿವೆ. ಅಲ್ಲಿ ಹೆಚ್ಚಿದ ಈರುಳ್ಳಿ, ನೆನೆದ ಬೇಳೆ, ಅಳೆದಿಟ್ಟ ಮಸಾಲೆಗಳು ಏಳೆಂಟು ಪುಟ್ಟ ಬಟ್ಟಲುಗಳಲ್ಲಿ ಮದುವೆಗೆ ಸಿಂಗರಿಸಿಕೊಂಡಂತೆ ಕುಳಿತಿರುತ್ತವೆ; ಆ ಬಟ್ಟಲುಗಳನ್ನು ತೊಳೆಯುವವರು ಮಾತ್ರ ಎಂದೂ ಪರದೆಯ ಮೇಲೆ ಕಾಣಿಸಿಕೊಳ್ಳುವುದಿಲ್ಲ.

ಈರುಳ್ಳಿಯ ವಿಷಯದಲ್ಲಿ ನಡೆಯುವ ಮೋಸವನ್ನಂತೂ ನಾನು ಕ್ಷಮಿಸಲಾರೆ. ‘ಈರುಳ್ಳಿಯನ್ನು ಐದು ನಿಮಿಷ ಹುರಿದು ಕಂದುಬಣ್ಣಕ್ಕೆ ತನ್ನಿ’ ಎಂದು ಬರೆಯುವವರು ಒಂದೋ ಈರುಳ್ಳಿ ಹುರಿದಿಲ್ಲ, ಇಲ್ಲವೇ ಗಡಿಯಾರ ನೋಡಿಲ್ಲ. ಈರುಳ್ಳಿಯ ತೂಕದಲ್ಲಿ 90 ಪ್ರತಿಶತಕ್ಕೆ ಹತ್ತಿರದಷ್ಟು ನೀರೇ ಇದೆ. ಆ ನೀರು ಹಾರಿಹೋಗುವವರೆಗೆ ಹೋಳುಗಳ ಬಿಸಿ 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಂತಿರುತ್ತದೆ. ಹುರಿದ ಪದಾರ್ಥಕ್ಕೆ ಬಣ್ಣವನ್ನೂ ಪರಿಮಳವನ್ನೂ ಕೊಡುವ, 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ಮೊದಲು ವಿವರಿಸಿದ ರಾಸಾಯನಿಕ ಕ್ರಿಯೆ ಚುರುಕಾಗಬೇಕಾದರೆ ಅದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕು. ಆದ್ದರಿಂದ ಹೊಂಬಣ್ಣಕ್ಕೆ ಕಾಲು ಗಂಟೆಯಾದರೂ ಹಿಡಿಯುತ್ತದೆ. ಕಡುಕಂದಾಗಿ ಸಿಹಿಯಾಗಬೇಕೆಂದರೆ ಮುಕ್ಕಾಲು ಗಂಟೆ. ಐದು ನಿಮಿಷದ ಮಾತು ನಂಬಿ ಉರಿ ಹೆಚ್ಚಿಸಿದ ವಿದ್ಯಾರ್ಥಿಗೆ ಅಂಚು ಕರಿಕಾದ, ಒಳಗೆ ಹಸಿ ಉಳಿದ ಹೋಳುಗಳು ಸಿಗುತ್ತವೆ, ತನ್ನ ಕೈಗುಣವೇ ಸರಿಯಿಲ್ಲವೆಂದು ಆತ ಅಲ್ಲಿಗೆ ಅಡುಗೆ ಬಿಡುತ್ತಾನೆ.

ಇಷ್ಟು ಬೈಯುವ ನಾನೇ ಒಮ್ಮೆ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಅಕ್ಕನ ಮಗ ಓದಲು ಹೊರಡುವ ಹಿಂದಿನ ದಿನ ಅಕ್ಕ ಅವನ ಕೈಗೆ ಹೊಸ ನೋಟುಪುಸ್ತಕ ಕೊಟ್ಟು ನನ್ನ ಎದುರು ಕೂರಿಸಿದಳು. ‘ಐದೈದು ನಿಮಿಷದಲ್ಲಿ ಆಗುವಂಥ ಹತ್ತು ಅಡುಗೆ ಇವನಿಗೆ ಬರೆಸಿಬಿಡು’ ಎಂದಳು. ನಾನು ಹೇಳಿದೆ, ಅವನು ಬರೆದ. ಯಾರಾದರೂ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂಬ ಸಂಭ್ರಮಕ್ಕೆ ಹತ್ತು ಹನ್ನೆರಡಾಯಿತು. ಒಂದೊಂದಕ್ಕೂ ನನ್ನದೊಂದು ವಿಶೇಷವನ್ನು ಸೇರಿಸುತ್ತ ಹೋದೆ. ಒಂದು ತಿಂಗಳ ಬಳಿಕ ಫೋನು ಮಾಡಿ ಏನೇನು ಮಾಡಿದೆಯೆಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ಮೊದಲನೆಯದಕ್ಕೇ ಹದಿನಾಲ್ಕು ಸಾಮಾನು ಬೇಕಿತ್ತು’ ಎಂದ. ಮತ್ತೆ ಏನು ತಿನ್ನುತ್ತಿದ್ದೀಯಾ ಎಂದರೆ ನೂಡಲ್ಸ್ ಎಂದ. ಬೆಳಗ್ಗೆಯೂ ಅದೇ, ರಾತ್ರಿಯೂ ಅದೇ.

ಹದಿನಾಲ್ಕು ಸಾಮಾನು! ಆ ದಿನ ನಾನು ಅವನನ್ನು ಗದರಿದೆ, ಫೋನು ಇಟ್ಟ ಮೇಲೆ ಬೆರಳು ಮಡಿಸಿ ಎಣಿಸಿದೆ; ಹದಿನಾಲ್ಕೇ ಇದ್ದವು. ನಾನು ಕಡಿಮೆ ಖರ್ಚಿನದೆಂದು ಹೇಳಿದ್ದು ಆ ಅಡುಗೆಗೆ ಬೀಳುವ ಅರ್ಧ ಚಮಚ ಜೀರಿಗೆಯ, ಕಾಲು ಚಮಚ ಮೆಣಸಿನ ಬೆಲೆಯನ್ನು ಕೂಡಿಸಿ. ಆದರೆ ಅಂಗಡಿಯಲ್ಲಿ ಕಾಲು ಚಮಚ ಮೆಣಸನ್ನು ಯಾರೂ ಮಾರುವುದಿಲ್ಲ. ಏನೂ ಇಲ್ಲದ ಕೋಣೆಯಲ್ಲಿ ಕುಳಿತವನಿಗೆ ಮೊದಲ ಊಟದ ಖರ್ಚೆಂದರೆ ಹದಿನಾಲ್ಕು ಇಡೀ ಪೊಟ್ಟಣಗಳ ಖರ್ಚು, ಅದರಲ್ಲಿ ಒಂಬತ್ತು ಪೊಟ್ಟಣಗಳು ವರ್ಷದ ಕೊನೆಗೆ ಹುಳು ಹಿಡಿದು ಕಸಕ್ಕೆ ಹೋಗುವಂಥವು. ಒಬ್ಬ ವಿದ್ಯಾರ್ಥಿಗೆ ಯಾವುದು ಅಗ್ಗ ಎಂಬುದನ್ನು ಕೊಂಡ ಬೆಲೆಯಿಂದ ಲೆಕ್ಕ ಹಾಕಬಾರದು, ಕೊಂಡದ್ದರಲ್ಲಿ ಎಷ್ಟು ಹೊಟ್ಟೆಗೆ ಹೋಯಿತು ಎಂಬುದರಿಂದ ಹಾಕಬೇಕು ಎಂಬುದನ್ನು ನಾನು ಕಲಿತದ್ದು ಆ ಹುಡುಗನ ನೋಟುಪುಸ್ತಕದಿಂದ.

ನೂಡಲ್ಸ್ ತಿಂದದ್ದಕ್ಕೆ ಅವನನ್ನು ಗದರಿದ್ದೂ ಅನ್ಯಾಯವೇ. ಮೊಮೊಫುಕು ಆಂಡೊ 1958ರಲ್ಲಿ ಜಪಾನಿನಲ್ಲಿ ಮೊದಲ ದಿಢೀರ್ ನೂಡಲ್ಸ್ ಮಾರಾಟಕ್ಕೆ ತಂದಾಗ ಅದು ತಾಜಾ ನೂಡಲ್ಸ್‌ಗಿಂತ ದುಬಾರಿಯಾದ ವಸ್ತುವಾಗಿತ್ತು; ಬಡ ವಿದ್ಯಾರ್ಥಿಯ ಊಟವೆಂಬ ಪಟ್ಟ ಅದಕ್ಕೆ ಆಮೇಲೆ ಬಂದದ್ದು. ಅದು ಪಾಪವಲ್ಲ, ಊಟವೂ ಅಲ್ಲ. ದೊಡ್ಡವರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆ ಪಾಲಿನ ದೊಡ್ಡ ತುಂಡೊಂದು ಮಸಾಲೆಯ ಪುಟ್ಟ ಪೊಟ್ಟಣದಲ್ಲಿ ಅಡಗಿರುತ್ತದೆ. ಅರ್ಧ ಪೊಟ್ಟಣ ಹಾಕಿ, ಕುದಿಯುವ ನೀರಿಗೆ ಒಂದು ಮೊಟ್ಟೆ ಒಡೆದು, ಒಂದು ಹಿಡಿ ಸೊಪ್ಪು ಸೇರಿಸಿದರೆ ನನ್ನ ತಕರಾರಿಲ್ಲ. ಐದು ನಿಮಿಷದ ಹಠವನ್ನು ಬಿಡಲೇ ಆಗದವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಮ್ಮ ಉತ್ತರ ಸಿಕ್ಕಿತು.

ಉಳಿದವರಿಗೆ ನನ್ನ ಉತ್ತರ ಆರೇ ಸಾಮಾನಿನದು: ಅಕ್ಕಿ, ಮಸೂರ್ ಬೇಳೆ, ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಎಣ್ಣೆ. ಉಪ್ಪನ್ನು ಎಣಿಸಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂಬುದನ್ನು ಹೇಳಿಕೊಡುವ ಅಗತ್ಯ ಯಾರಿಗೂ ಇರಲಾರದು. ಬೇಳೆಗಳಲ್ಲಿ ಮಸೂರವನ್ನೇ ಹೇಳಲು ಕಾರಣ, ಸಿಪ್ಪೆ ತೆಗೆದು ಒಡೆದ ಈ ಕೆಂಪು ಬೇಳೆ ನೆನೆಸದಿದ್ದರೂ ಹದಿನೈದು ಇಪ್ಪತ್ತು ನಿಮಿಷದಲ್ಲಿ ಬೆಂದು ಕರಗುತ್ತದೆ. ಎರಡು ಅಳತೆ ಅಕ್ಕಿಗೆ ಒಂದು ಅಳತೆ ಬೇಳೆ ಬೆರೆಸಿ, ತೊಳೆದು, ಒಟ್ಟು ಅಳತೆಯ ಮೂರರಷ್ಟು ನೀರು ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟರೆ ಒಂದೇ ಪಾತ್ರೆಯಲ್ಲಿ ಊಟವಾಯಿತು. ಧಾನ್ಯದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಟೊಮೆಟೊ, ನಿಂಬೆ ಮೊದಲಾದ ಹುಳಿಯನ್ನು ಮಾತ್ರ ಬೇಳೆ ಮೆತ್ತಗಾದ ಮೇಲೆಯೇ ಹಾಕಬೇಕು, ಮೊದಲೇ ಹಾಕಿದರೆ ಬೇಳೆ ಹಟ ಹಿಡಿದು ಗಟ್ಟಿಯಾಗಿಯೇ ಉಳಿಯುತ್ತದೆ.

ಆ ಇಪ್ಪತ್ತು ನಿಮಿಷ ನೀವು ಒಲೆಯ ಮುಂದೆ ನಿಲ್ಲಬೇಕಾಗಿಲ್ಲ, ಪುಸ್ತಕ ಹಿಡಿದು ಕೂರಬಹುದು ಎಂಬುದನ್ನು ಐದು ನಿಮಿಷದ ಪಕ್ಷದವರು ಗಮನಿಸುವುದೇ ಇಲ್ಲ. ಐದು ನಿಮಿಷ ಬಿಡುವಿಲ್ಲದೆ ಕೈಯಾಡಿಸುವ ಅಡುಗೆಗಿಂತ ಇಪ್ಪತ್ತು ನಿಮಿಷ ತನ್ನ ಪಾಡಿಗೆ ಬೇಯುವ ಅಡುಗೆ ಓದುವವರಿಗೆ ಹೆಚ್ಚು ಬೇಗನೆ ಆಗುತ್ತದೆ. ಹಸಿವು ತಡೆಯಲಾರದೆ ಉರಿ ಹೆಚ್ಚಿಸುವುದೂ ವ್ಯರ್ಥ: ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿನ ಬಿಸಿ 100 ಡಿಗ್ರಿಯನ್ನು ದಾಟುವುದಿಲ್ಲ, ಹೆಚ್ಚಿಸಿದ ಉರಿಯೆಲ್ಲ ಆವಿಯಾಗಿ ಗೋಡೆಗೆ ಬಡಿಯುತ್ತದೆ. ನಿಜವಾಗಿ ಬೇಗ ಬೇಯಬೇಕೆಂದರೆ ಆವಿಯನ್ನು ಕೂಡಿಹಾಕಿ ಒಳಗಿನ ಬಿಸಿಯನ್ನು 120 ಡಿಗ್ರಿಯ ಸಮೀಪಕ್ಕೆ ಏರಿಸುವ ಪ್ರೆಷರ್ ಕುಕ್ಕರ್ ಬೇಕು. 1679ರಲ್ಲಿ ಡೆನಿಸ್ ಪಾಪಿನ್ ಅದರ ಮೂಲರೂಪವನ್ನು ಮಾಡಿದ್ದು ಮೂಳೆಗಳನ್ನು ಮೆತ್ತಗಾಗಿಸಲಿಕ್ಕೆ. ಬೇಳೆ ಅದಕ್ಕೆ ಯಾವ ಲೆಕ್ಕ?

ಮೊಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೊಟೀನ್ ಇದೆ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಸಾಕು, ಕೆಲವು ದಿನ ಹಳೆಯದಾದ ಮೊಟ್ಟೆಯ ಸಿಪ್ಪೆ ಹೊಸದಕ್ಕಿಂತ ಸುಲಭವಾಗಿ ಬಿಡುತ್ತದೆ. ಮೊಟ್ಟೆ ತಿನ್ನದವರು ಬೇಳೆಯ ಅಳತೆಯನ್ನು ಹೆಚ್ಚಿಸಿಕೊಳ್ಳಲಿ.

ಇಷ್ಟೆಲ್ಲ ಹೇಳಿದರೂ ಜನ ಕೇಳಬೇಕಾದ ಪ್ರಶ್ನೆ ಇದಲ್ಲವೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ‘ಮಿಕ್ಕಿದ್ದನ್ನು ಏನು ಮಾಡಲಿ?’ ಎಂದು ಕೇಳಿದ್ದರೆ ನಾನು ಎದ್ದು ನಿಂತು ಉತ್ತರಿಸುತ್ತಿದ್ದೆ. ಒಬ್ಬರಿಗಾಗಿ ಮಾಡುವ ಅಡುಗೆಯಲ್ಲಿ ಮಿಕ್ಕೇ ಮಿಗುತ್ತದೆ. ಅರ್ಧ ಆಲೂಗಡ್ಡೆ ಬೇಯಿಸುವವರನ್ನು ನಾನು ನೋಡಿಲ್ಲ. ಮಿಕ್ಕಿದ್ದು ನಾಳೆಯ ಊಟವಾದರೆ ಆಗ ನಾಳೆ ನಿಮಗೆ ನಿಜಕ್ಕೂ ಐದು ನಿಮಿಷದ ಅಡುಗೆ ಸಿಗುತ್ತದೆ, ಬಯಸಿದ್ದೂ ಅದನ್ನೇ ತಾನೇ? ಅದು ರೋಗವಾದರೆ ಉಳಿತಾಯದ ಮಾತೇ ಇಲ್ಲ. ಎರಡನೆಯ ವರ್ಷದ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮಾಡಿದ ಅನ್ನವನ್ನು ನಾನು ಸೆಕೆಯ ಕೋಣೆಯಲ್ಲಿ ಒಲೆಯ ಮೇಲೆಯೇ ಬಿಟ್ಟಿದ್ದೆ, ರಾತ್ರಿ ಹೊಗೆಯಾಡುವಂತೆ ಬಿಸಿ ಮಾಡಿ ಉಂಡೆ, ಬೆಳಗಿನವರೆಗೂ ವಾಂತಿ ಮಾಡಿಕೊಂಡೆ. ಬಿಸಿ ಮಾಡಿದ್ದೆನಲ್ಲ ಎಂಬುದು ಅಂದಿನ ನನ್ನ ವಾದ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿಯೊಡನೆ ಬರುತ್ತವೆ, ಕುದಿತದಲ್ಲೂ ಸಾಯುವುದಿಲ್ಲ, ಅನ್ನ ಬೆಚ್ಚಗೆ ಕುಳಿತಷ್ಟು ಹೊತ್ತೂ ಬೆಳೆಯುತ್ತವೆ, ಅವು ಉಗುಳುವ ವಿಷ ಮತ್ತೆ ಬಿಸಿ ಮಾಡಿದರೆ ನಾಶವಾಗುವಂಥದಲ್ಲ ಎಂಬುದು ನನಗೆ ಗೊತ್ತಾಗುವಷ್ಟರಲ್ಲಿ ಫಲಿತಾಂಶ ಬಂದಿತ್ತು.

ಹಾಗಾಗಿ ಮಿಕ್ಕ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಒಳಗಿನ ಬಿಸಿ 5 ಡಿಗ್ರಿಗಿಂತ ಕೆಳಗಿರಲಿ. ಮರುದಿನ ತಿಂದು ಮುಗಿಸಿ, ಬಿಸಿ ಮಾಡುವುದಾದರೆ ಒಂದೇ ಸಲ. ಫ್ರಿಜ್ ಇಲ್ಲದವರು ಬೆಂದದ್ದನ್ನು ಉಳಿಸುವ ಆಸೆಯನ್ನೇ ಬಿಟ್ಟು, ಬೇಯಿಸುವ ಮೊದಲಿನ ಕೆಲಸವನ್ನು ಉಳಿಸಿಕೊಳ್ಳುವುದು ಲೇಸು. ವಾರಕ್ಕೊಮ್ಮೆ ಅಕ್ಕಿಯನ್ನೂ ಬೇಳೆಯನ್ನೂ ಹೇಳಿದ ಅಳತೆಯಲ್ಲಿ ಬೆರೆಸಿ ಡಬ್ಬಿಗೆ ತುಂಬಿಟ್ಟರೆ ರಾತ್ರಿ ಹತ್ತು ಗಂಟೆಗೆ ಹಸಿದು ಬಂದವರಿಗೆ ಯೋಚಿಸುವ ಕೆಲಸ ತಪ್ಪುತ್ತದೆ. ಹಸಿದಾಗ ಯಾರೂ ಅಡುಗೆಯನ್ನು ಯೋಚಿಸಬಾರದು; ಆಗ ಹೊಳೆಯುವುದೆಲ್ಲ ದುಬಾರಿ.

ನಡುವೆ ಒಂದು ಎಚ್ಚರಿಕೆ, ಏಕೆಂದರೆ ಅಗ್ಗದ ಅಡುಗೆಯ ಪಟ್ಟಿಗಳಲ್ಲೆಲ್ಲ ರಾಜ್ಮಾ ಇರುತ್ತದೆ. ಅದನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಚೆನ್ನಾಗಿ ಕುದಿಸಬೇಕು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಕುದಿತದಲ್ಲಿ ಮಾತ್ರ ಸಾಯುತ್ತದೆ, ಕುದಿ ಬರಿಸದೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅದರ ಹಾವಳಿ ಹೆಚ್ಚಲೂಬಹುದು.

ಅಕ್ಕನ ಮಗನಿಗೆ ಆ ಮೇಲೆ ಆರು ಸಾಮಾನಿನ ಪಟ್ಟಿಯೊಂದನ್ನೇ ಕಳುಹಿಸಿದೆ, ಹನ್ನೆರಡು ಅಡುಗೆಯ ಪುಟಗಳನ್ನು ಹರಿದು ಎಸೆಯಲು ಹೇಳಿದೆ. ಎಸೆದನೋ ಇಲ್ಲವೋ ತಿಳಿಯದು. ಮೊನ್ನೆ ರಾತ್ರಿ ಫೋನು ಮಾಡಿದ್ದ. ಅಕ್ಕಿ ಬೇಳೆ ಒಲೆಯ ಮೇಲಿಟ್ಟು ಓದುತ್ತ ಕುಳಿತವನು ಮರೆತೇಬಿಟ್ಟನಂತೆ. ಮೇಲಿನದನ್ನು ಉಂಡಾಯಿತು, ತಳ ಹಿಡಿದು ಕಪ್ಪಾಗಿರುವ ಪಾತ್ರೆಯನ್ನು ಐದು ನಿಮಿಷದಲ್ಲಿ ತೊಳೆಯುವುದು ಹೇಗೆ ಎಂದು ಕೇಳಿದ. ನೀರು ತುಂಬಿಸಿ, ಎರಡು ಚಮಚ ಅಡುಗೆ ಸೋಡಾ ಹಾಕಿ, ಹತ್ತು ನಿಮಿಷ ಕುದಿಸಿ, ಬೆಳಗಿನವರೆಗೆ ಹಾಗೆಯೇ ಬಿಡು, ಪಾತ್ರೆ ಅಲ್ಯೂಮಿನಿಯಮ್ಮಿನದಾದರೆ ಸೋಡಾ ಹಾಕಬೇಡ, ಕಪ್ಪಾಗುತ್ತದೆ ಎಂದೆ. ಅದು ಅಲ್ಯೂಮಿನಿಯಮ್ಮೇ, ಸೋಡಾವನ್ನು ಆಗಲೇ ಹಾಕಿಯಾಗಿದೆ ಎಂದ.