ಫುಕುವೋಕಾದ ಮೆತ್ತನೆಯ ಉಡೋನ್

ಜಪಾನಿಗೆ ಹೋಗೋಣ ಎಂದಾಗ ಅಕ್ಕ ಒಂದೇ ಷರತ್ತು ಹಾಕಿದಳು. "ದಿನಾ ಬೆಳಗಾದ್ರೆ ಓಡೋದು ಬೇಡ ಮಾರಾಯ್ತಿ. ಆರಾಮಾಗಿ ಕೂತು ತಿನ್ನೋ ಊರಾದ್ರೆ ಬರ್ತೇನೆ."

ಹಾಗಾಗಿ ಟೋಕಿಯೋ ಬಿಟ್ಟು ಫುಕುವೋಕಾಗೆ ಹೋದೆವು. ಕ್ಯೂಶು ದ್ವೀಪದ ಉತ್ತರಕ್ಕೆ, ಕಡಲ ಪಕ್ಕದಲ್ಲಿರುವ ಊರು. ವಿಮಾನ ನಿಲ್ದಾಣದಿಂದ ಹಕತಾ ಸ್ಟೇಷನ್‌ಗೆ ಮೆಟ್ರೋದಲ್ಲಿ ಎರಡನೇ ನಿಲ್ದಾಣವೇ ಇಳಿಯುವುದು, ಐದಾರು ನಿಮಿಷ ಅಷ್ಟೇ. ಊರಿನ ಹೆಸರು ಫುಕುವೋಕಾ, ಸ್ಟೇಷನ್ ಹೆಸರು ಹಕತಾ ಯಾಕೆ ಅಂತ ಅಕ್ಕ ಕೇಳಿದಳು. ನಕಾ ನದಿಯ ಒಂದು ದಡದಲ್ಲಿ ವ್ಯಾಪಾರಿಗಳ ಹಕತಾ, ಇನ್ನೊಂದು ದಡದಲ್ಲಿ ಕೋಟೆಯ ಫುಕುವೋಕಾ ಇದ್ದವು. 1889ರಲ್ಲಿ ಎರಡೂ ಸೇರಿ ಒಂದೇ ನಗರವಾದವು. ಹಳೆಯ ಹೆಸರು ಸ್ಟೇಷನ್‌ಗೆ ಉಳಿಯಿತು.

ಈ ಊರು ಅಂದರೆ ಎಲ್ಲರೂ ರಾಮೆನ್ ಅನ್ನುತ್ತಾರೆ. ಹಂದಿ ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿದ ಬೆಳ್ಳನೆಯ ಸಾರು, ಅದರಲ್ಲಿ ನೂಡಲ್ಸ್‌ನ ತೆಳ್ಳನೆಯ ಎಳೆಗಳು. ತೆಳ್ಳಗಿರುವುದರಿಂದ ಬೇಗ ಮೆತ್ತಗಾಗುತ್ತವೆ. ಅದಕ್ಕೇ ಮೊದಲು ಸ್ವಲ್ಪವೇ ಹಾಕಿಕೊಡುತ್ತಾರೆ. ಸಾರು ಉಳಿಸಿಕೊಂಡು "ಕಾಯೆದಾಮಾ" ಅಂದರೆ ಬಿಸಿಬಿಸಿ ಎಳೆಗಳನ್ನು ಮತ್ತೆ ತಂದು ಹಾಕುತ್ತಾರೆ. ರುಚಿ ಚೆನ್ನಾಗಿತ್ತು, ನಾನೂ ಎರಡನೇ ಸಲ ಹಾಕಿಸಿಕೊಂಡೆ. ಆದರೆ ನಮ್ಮ ಮನಸ್ಸು ಕದ್ದದ್ದು ಉಡೋನ್, ಗೋಧಿ ಹಿಟ್ಟಿನ ದಪ್ಪ ನೂಡಲ್ಸ್.

ಹಕತಾ ಬಸ್ ಟರ್ಮಿನಲ್‌ನ ನೆಲಮಾಳಿಗೆಯಲ್ಲಿ ಮಕಿನೋ ಉಡೋನ್ ಅಂಗಡಿ ಇದೆ. ಎಳೆ ಗಟ್ಟಿ ಬೇಕಾ, ಮಧ್ಯಮವಾ, ಮೆತ್ತಗೆ ಬೇಕಾ ಅಂತ ನಾವೇ ಆರಿಸಬೇಕು. ಅಕ್ಕ ಗಟ್ಟಿ ಅಂದಳು, ನಾನು ಮೆತ್ತಗೆ ಅಂದೆ. ಬಟ್ಟಲು ಬಂದಾಗ ಅಕ್ಕ ನನ್ನದನ್ನು ಬಗ್ಗಿ ನೋಡಿ, "ಇದೇನು, ಜ್ವರ ಬಂದವರಿಗೆ ಮಾಡಿದ ಹಾಗಿದೆಯಲ್ಲ" ಅಂದಳು. ಬೆರಳು ದಪ್ಪದ ಬಿಳಿ ಎಳೆಗಳು, ಕಚ್ಚಬೇಕಾಗಿಯೇ ಇಲ್ಲ. ಒಣಮೀನು ಮತ್ತು ಕೊಂಬು ಎಂಬ ಕಡಲ ಪಾಚಿ ಹಾಕಿ ತೆಗೆದ ತಿಳಿಸಾರು. ಮೇಲೆ ಗೋಬೊ ಎಂಬ ಬೇರನ್ನು ಹೆಚ್ಚಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ನಮ್ಮ ಬಜ್ಜಿಯ ಹಾಗೆಯೇ ಗರಿಗರಿ, ಕಚ್ಚಿದರೆ ಮಣ್ಣಿನ ಘಮ. ಸಾರಿನಲ್ಲಿ ನೆನೆದ ಮೇಲೆ ಇನ್ನೂ ರುಚಿ.

ಪಕ್ಕದಲ್ಲಿ ಒಂದು ಪುಟ್ಟ ಕೆಟಲ್ ಇಟ್ಟಿದ್ದರು. ಟೀ ಇರಬೇಕು ಅಂದುಕೊಂಡೆವು. ಅದರಲ್ಲಿದ್ದದ್ದೂ ಸಾರೇ! ಈ ಎಳೆಗಳು ಸಾರನ್ನು ಕುಡಿಯುತ್ತಾ ಉಬ್ಬುತ್ತವೆ. ತಿನ್ನುತ್ತಲೇ ಇದ್ದರೂ ಬಟ್ಟಲು ಖಾಲಿಯಾಗುವುದಿಲ್ಲ, ಸಾರು ಮಾತ್ರ ತಳ ಕಾಣುತ್ತದೆ. ಆಗ ಕೆಟಲ್‌ನಿಂದ ಸುರಿದುಕೊಳ್ಳಬೇಕು. ಹಕತಾದ ವ್ಯಾಪಾರಿಗಳಿಗೆ ಕಾಯಲು ಪುರುಸೊತ್ತಿರಲಿಲ್ಲ, ಅದಕ್ಕೇ ಮೊದಲೇ ಬೇಯಿಸಿಡುತ್ತಿದ್ದರು, ಹೀಗೆ ಮೆತ್ತನೆಯ ಉಡೋನ್ ರೂಢಿಯಾಯಿತು ಎನ್ನುತ್ತಾರೆ. ಅಲ್ಲಿಂದ ಸ್ವಲ್ಪ ನಡೆದರೆ ಜೋತೆನ್‌ಜಿ ದೇವಾಲಯ. ಜಪಾನಿನ ಉಡೋನ್, ಸೋಬಾ ಎಂಬ ಇನ್ನೊಂದು ಬಗೆಯ ನೂಡಲ್ಸ್ ಎರಡೂ ಇಲ್ಲಿಂದಲೇ ಶುರುವಾದವು ಎಂದು ಹೇಳುವ ಕಲ್ಲೊಂದು ಅಲ್ಲಿದೆ. 1241ರಲ್ಲಿ ಚೀನಾದಿಂದ ಮರಳಿದ ಎನ್ನಿ ಎಂಬ ಭಿಕ್ಷು ಹಿಟ್ಟು ಬೀಸುವ ವಿದ್ಯೆ ತಂದರಂತೆ. ಹೊಟ್ಟೆ ತುಂಬಿದ ಮೇಲೆ ಆ ಕಲ್ಲಿಗೆ ಕೈ ಮುಗಿಯಬೇಕು ಅನ್ನಿಸಿತು, ಮುಗಿದೆವು.

ಸಂಜೆ ನಕಾಸು ಕಡೆ ಹೋದರೆ ನದಿ ದಂಡೆಯಲ್ಲಿ ಯಾತಾಯಿಗಳ ಸಾಲು. ತಳ್ಳುಗಾಡಿಯನ್ನೇ ಬಿಚ್ಚಿ ಮಾಡಿದ ಅಂಗಡಿಗಳು ಇವು. ಕತ್ತಲಾಗುವಾಗ ಕಟ್ಟುತ್ತಾರೆ, ಬೆಳಗಾಗುವುದರೊಳಗೆ ಆ ಜಾಗದಲ್ಲಿ ಏನೂ ಇರುವುದಿಲ್ಲ. ಒಂದು ಕಾಲಕ್ಕೆ 400ಕ್ಕೂ ಜಾಸ್ತಿ ಇದ್ದವು, ಈಗ 100ರ ಆಸುಪಾಸು. ಉಳಿಸಿಕೊಳ್ಳಬೇಕು ಅಂತ ನಗರಾಡಳಿತ 2013ರಲ್ಲಿ ನಿಯಮವನ್ನೇ ತಂದಿದೆ. ಒಳ್ಳೆಯ ಕೆಲಸ. ಒಳಗೆ ಎಂಟು ಹತ್ತು ಜನ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ದೊಡ್ಡ ಬ್ಯಾಗ್ ತರಬೇಡಿ, ಇಡಲು ಜಾಗ ಇರುವುದಿಲ್ಲ.

ನಾವು ಸುಟ್ಟ ಮೆಂತಾಯಿಕೊ ತಗೊಂಡೆವು. ಮೆಣಸಿನ ಖಾರದಲ್ಲಿ ನೆನೆಸಿದ ಮೀನಿನ ಮೊಟ್ಟೆ ಅದು. ಕೊರಿಯಾದ ಬುಸಾನ್‌ನಲ್ಲಿ ಹುಟ್ಟಿದ ಕವಹಾರಾ ತೊಶಿಯೊ, ಅಲ್ಲಿ ತಿಂದ ರುಚಿ ನೆನಪಿಟ್ಟುಕೊಂಡು 1949ರಲ್ಲಿ ಇದೇ ನಕಾಸುವಿನಲ್ಲಿ ಮಾರಲು ಶುರುಮಾಡಿದರು. ಪೇಟೆಂಟ್ ಮಾಡಿಸಲಿಲ್ಲ. ಕೇಳಿದವರಿಗೆಲ್ಲ ಮಾಡುವುದು ಹೇಳಿಕೊಟ್ಟರು. ಇವತ್ತು ಊರ ತುಂಬ ಮೆಂತಾಯಿಕೊ ಅಂಗಡಿಗಳಿವೆ. ಅಕ್ಕ ಇದನ್ನು ಕೇಳಿ ಸುಮ್ನೆ ಕೂತುಬಿಟ್ಟಳು. ಆಮೇಲೆ, "ಎಂಥ ಮನುಷ್ಯ ಅಲ್ವಾ" ಅಂದಳು.

ಮೂರನೇ ದಿನ ರೈಲಿನಲ್ಲಿ ಹತ್ತಿರದ ದಝೈಫು ಎಂಬ ಊರಿಗೆ ಹೋಗಿ ಬಂದೆವು. ದೇವಾಲಯ ಸುಂದರ, ಜನ ಜಾಸ್ತಿ. ದಾರಿಯಲ್ಲಿ ಕಾದ ಅಚ್ಚಿನಲ್ಲಿ ಸುಡುವ ಉಮೆಗಾಯೆ ಮೋಚಿ ಎಂಬ ಅಕ್ಕಿ ಹಿಟ್ಟಿನ ತಿಂಡಿ ಸಿಗುತ್ತದೆ, ಒಳಗೆ ಸಿಹಿ ಹೂರಣ. ಬಿಸಿ ಇದ್ದಾಗಲೇ ತಿನ್ನಿ. ರಾತ್ರಿ ಗೋಮಾ ಸಾಬಾ ತಿಂದೆವು. ಬಂಗುಡೆಯ ಹತ್ತಿರದ ನೆಂಟ ಮೀನು, ಹಸಿಯಾಗಿಯೇ ಎಳ್ಳು, ಸೋಯಾ ಸಾಸ್ ಜೊತೆ ಕೊಡುತ್ತಾರೆ. ಕುಮಟೆಯಲ್ಲಿ ಹುಟ್ಟಿ ಬೆಳೆದ ನಮಗೆ ಹಸಿ ಬಂಗುಡೆ ಅಂದರೆ ಮೊದಲು ಕೈ ಹಿಂಜರಿಯಿತು. ಒಂದು ತುಂಡು ಬಾಯಿಗಿಟ್ಟ ಮೇಲೆ ತಟ್ಟೆ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ.

ಹೊರಡುವ ದಿನ ಮತ್ತೆ ಬಸ್ ಟರ್ಮಿನಲ್‌ನ ನೆಲಮಾಳಿಗೆಗೆ ಇಳಿದೆವು. ಎಳೆ ಹೇಗಿರಬೇಕು ಅಂತ ಕೇಳಿದಾಗ ನಾನು ಬಾಯಿ ತೆಗೆಯುವ ಮುಂಚೆ ಅಕ್ಕನೇ ಹೇಳಿದಳು, "ಯವಾ." ಮೆತ್ತಗೆ. ಬಟ್ಟಲು ಬರುವುದಕ್ಕೂ ಮೊದಲೇ ಕೆಟಲ್ ಅನ್ನು ತನ್ನ ಕಡೆ ಎಳೆದಿಟ್ಟುಕೊಂಡಿದ್ದಳು.