ಚಳಿಗೆ ಹೆಪ್ಪುಗಟ್ಟಿದ ಬೇವಿನೆಣ್ಣೆ

ಇವತ್ತು ಬೆಳಿಗ್ಗೆ ಬೇವಿನೆಣ್ಣೆ ಕ್ಯಾನ್ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ತುಪ್ಪದ ಹಾಗೆ ಹೆಪ್ಪುಗಟ್ಟಿತ್ತು.

ಎಣ್ಣೆ ಕೆಟ್ಟಿಲ್ಲ, ಚಳಿಗೆ ಹಾಗಾಗುತ್ತೆ. ಕ್ಯಾನನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಡಿ, ಕರಗುತ್ತೆ. ಒಲೆ ಮೇಲೆ ಮಾತ್ರ ಬೇಡ. ಜಾಸ್ತಿ ಕಾಯಿಸಿದರೆ ಅದರಲ್ಲಿರೋ ಅಜಾಡಿರಾಕ್ಟಿನ್, ಅಂದರೆ ಕೀಟ ತಡೆಯೋ ಅಂಶ, ಹಾಳು.

ಮಾವಿಗೆ ಕೀಟ ತಡೆಯಲು ಸಿಂಪಡಿಸೋದಾದರೆ ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ ಸಾಕು. 16 ಲೀಟರ್ ಸ್ಪ್ರೇಯರ್ ಟ್ಯಾಂಕಿಗೆ 80 ಮಿ.ಲೀ.

ಎಣ್ಣೆಯನ್ನು ನೇರ ಟ್ಯಾಂಕಿಗೆ ಸುರಿಯಲೇಬೇಡಿ. ಮೊದಲು ಎಣ್ಣೆಗೆ ದ್ರವ ಸೋಪು ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ. ಒಂದು ಹನಿಯನ್ನು ಲೋಟದ ನೀರಿಗೆ ಬಿಡಿ. ಹಾಲಿನ ಬಣ್ಣವಾಗಿ ಹರಡಿದರೆ ಸರಿ. ಮೇಲೆ ಎಣ್ಣೆಗಣ್ಣು ತೇಲಿದರೆ ಇನ್ನೂ ಸೋಪು ಬೇಕು.

ಕೋಲಾರದ ಕಡೆಯ ಗಡಸು ಬೋರ್‌ವೆಲ್ ನೀರಿನದು ಬೇರೆ ಕಥೆ. ಅದರ ಸುಣ್ಣದಂಶಕ್ಕೆ ಬಟ್ಟೆ ಸೋಪು ಒಡೆದು ಬಿಳಿ ಚೂರಾಗುತ್ತೆ. ನಾಜಲ್ (ಸ್ಪ್ರೇಯರಿನ ಹನಿ ಚಿಮ್ಮೋ ತುದಿ) ಕಟ್ಟೋದು ಎಷ್ಟೋ ಸಲ ಈ ಚೂರಿನಿಂದಲೇ, ಪಾಪ ಬೈಸಿಕೊಳ್ಳೋದು ಎಣ್ಣೆ! ಕೃಷಿಹೊಂಡದ ಮಳೆನೀರು ಇದ್ದರೆ ಅದನ್ನೇ ಬಳಸಿ. ತೆಳು ಬಟ್ಟೆಯಲ್ಲಿ ಸೋಸಿಯೇ ಟ್ಯಾಂಕಿಗೆ ಹಾಕಿ.

ಹೊಡೆಯುವಾಗ ಟ್ಯಾಂಕ್ ಆಗಾಗ ಅಲುಗಾಡಿಸಿ. ಬಿಸಿಲು ಇಳಿದ ಮೇಲೆ ಹೊಡೆಯಿರಿ, ಹೂ ಅರಳಿದ್ದರೆ ಬೇಡ, ಜೇನುಹುಳು ಬರುತ್ತವೆ. ಕಲಸಿದ್ದನ್ನು ಅವತ್ತೇ ಮುಗಿಸಿ.

ಮುಗಿದ ತಕ್ಷಣ ಬಿಸಿ ಸೋಪುನೀರು ತುಂಬಿ ಪೈಪ್, ಗನ್ ಎಲ್ಲದರಲ್ಲೂ ಹರಿಸಿ. ನಾಜಲ್ ಬಿಚ್ಚಿ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಉಜ್ಜಿ. ಪಿನ್ನು ಚುಚ್ಚಬೇಡಿ, ತೂತು ಅಗಲವಾದರೆ ಮಂಜಿನಂತೆ ಬರೋದು ನಿಂತು ದಪ್ಪ ಹನಿ ಬೀಳುತ್ತೆ.