ಮೈನಸ್ ಎರಡರ ಕಥೆ

ನಿನ್ನೆ ರಾತ್ರಿ ವಿಜಯಪುರದ ನಮ್ಮ ಓಣಿಯಲ್ಲಿ ಕರೆಂಟ್ ಹೋಗಿತ್ತು. ಪಿಯುಸಿ ಓದುವ ಅಳಿಯ ಮೊಬೈಲ್ ಟಾರ್ಚ್ ಹಿಡಿದು ನೋಟ್‌ಬುಕ್ ತಂದ. ಲೆಕ್ಕ ಇಷ್ಟೇ: 4ರ ಘಾತ ಎಕ್ಸ್‌ನಲ್ಲಿ 2ರ ಘಾತ ಎಕ್ಸ್‌ನ ಆರು ಪಟ್ಟು ಕಳೆದರೆ 16 (4ˣ − 6 × 2ˣ = 16), ಎಕ್ಸ್ ಎಷ್ಟು? 2ರ ಘಾತ ಎಕ್ಸ್ ಅನ್ನೋದನ್ನ ವೈ ಅಂತಿಟ್ಟುಕೊಂಡು ವರ್ಗ ಸಮೀಕರಣ ಮಾಡಿದ್ದ. ವೈ 8, ಇಲ್ಲವೇ ಮೈನಸ್ 2. ಎಂಟಕ್ಕೆ ಎಕ್ಸ್ 3, ಸರಿ. ಮೈನಸ್ ಎರಡಕ್ಕೆ ಎಕ್ಸ್ ಮೈನಸ್ 1 ಅಂತ ಬರೆದುಬಿಟ್ಟಿದ್ದ!

"ಮಾಮಾ, ಬರೋಬರಿ ಐತೇನ್ರಿ?"

"ಹಾಕಿ ನೋಡಲೇ."

3 ಹಾಕಿದ. 64ರಲ್ಲಿ 48 ಹೋಗಿ 16 ಉಳಿಯಿತು. ಮೈನಸ್ 1 ಹಾಕಿದರೆ ಕಾಲು ಭಾಗದಲ್ಲಿ (1/4) ಮೂರು ಕಳೆಯಬೇಕು. ಹದಿನಾರು ಎಲ್ಲಿಂದ ಬರಬೇಕು? 2ರ ಘಾತ ಗೋಳಗುಮ್ಮಟದ ಪ್ರತಿಧ್ವನಿ ಇದ್ದ ಹಾಗೆ. ಎಕ್ಸ್ ಇಳಿದಷ್ಟೂ ಸಣ್ಣದಾಗುತ್ತೆ, ಆದರೆ ಸೊನ್ನೆ ಮುಟ್ಟಲ್ಲ, ಮೈನಸ್ ಅಂತೂ ಆಗೋದೇ ಇಲ್ಲ. (ನಿಜವಾದ ಪ್ರತಿಧ್ವನಿ ಕೊನೆಗೆ ನಿಲ್ಲುತ್ತೆ ಬಿಡಿ.)

ಅವನಿಗೆ ಹಾಕಿ ನೋಡು ಅಂದ ನಾನು, ಬೆಳಿಗ್ಗೆ ಕಾಯಿಪಲ್ಲೆ ತಂದಾಗ ಚಿಲ್ಲರೆ ಎಣಿಸದೆ ಜೇಬಿಗೆ ಹಾಕಿಕೊಂಡಿದ್ದೆ. ಈಗ ಎಣಿಸಿದರೆ ಹತ್ತು ರೂಪಾಯಿ ಕಮ್ಮಿ.